ಕಪಾಟಿನಲ್ಲೊಂದು ಕ್ಯಾಡಿಲಾಕ್: ನಿಮ್ಮ ಪತ್ರ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಮನೆಯ ಗಾಜಿನ ಕಪಾಟಿನ ಬಗ್ಗೆ ಬರೆದಿದ್ದೆ. ಅದರಲ್ಲಿರುವುದು ಹಳೆಯ ಅಮೆರಿಕನ್ ಐಷಾರಾಮಿ ಕಾರುಗಳ ಪುಟ್ಟ ಮಾಡೆಲ್‌ಗಳು. ಕ್ಯಾಡಿಲಾಕ್, ಪ್ಯಾಕಾರ್ಡ್, ಲಿಂಕನ್, ಡ್ಯೂಸನ್‌ಬರ್ಗ್. ಅದನ್ನು ಓದಿ ಬಂದ ಪತ್ರಗಳನ್ನು ನೋಡಿ ತುಂಬಾ ಖುಷಿಯಾಯಿತು. ಮುಂಬೈ ಹತ್ತಿರದ ಡೊಂಬಿವಲಿಯಿಂದ ಗೋವಾದ ಮಡಗಾಂವ್‌ವರೆಗೆ ನಮ್ಮ ಕನ್ನಡಿಗರಲ್ಲಿ ಇಷ್ಟು ಜನಕ್ಕೆ ಈ ಹುಚ್ಚು ಇದೆ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಉತ್ತರಿಸಲು ಜಾಗ ಸಾಲದು. ಹೆಚ್ಚು ಜನ ಕೇಳಿದ್ದನ್ನೂ ಮನಸ್ಸಿನಲ್ಲಿ ಉಳಿದ ಒಂದೆರಡು ಪತ್ರಗಳನ್ನೂ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಐಟಿ ಕಂಪನಿಯಲ್ಲಿದ್ದೇನೆ. ನಮ್ಮದು ಒಂದೇ ಬೆಡ್‌ರೂಮಿನ ಮನೆ. ಕ್ಯಾಡಿಲಾಕ್, ಲಿಂಕನ್ ಮಾಡೆಲ್ ಸೇರಿಸಬೇಕು ಅಂತ ಆಸೆ. ಯಾವ ಸ್ಕೇಲ್‌ನಿಂದ ಶುರು ಮಾಡಲಿ? ಮೊದಲು ಯಾವುದನ್ನು ಕೊಳ್ಳಲಿ? ಹಾಟ್ ವೀಲ್ಸ್ ಆಟಿಕೆ ಕಾರುಗಳನ್ನು ಕೊಳ್ಳಬಹುದಾ?
– ಡೊಂಬಿವಲಿಯ ಓದುಗರು

ಉತ್ತರ: ಮೊದಲು ಅಳತೆ ಟೇಪು ತಗೊಳ್ಳಿ, ಕಪಾಟಿನ ಅಗಲ, ಆಳ ಬರೆದಿಟ್ಟುಕೊಳ್ಳಿ. ಅಮೆರಿಕನ್ ಗಾಡಿಗಳು ಉದ್ದ ಜಾಸ್ತಿ ಅನ್ನುವುದು ಮಾಡೆಲ್ ಮನೆಗೆ ಬಂದ ಮೇಲೇ ಅರ್ಥವಾಗುತ್ತದೆ. 1959ರ ಕ್ಯಾಡಿಲಾಕ್ 225 ಇಂಚು, ಅಂದರೆ ಸುಮಾರು 5.7 ಮೀಟರ್ ಇತ್ತು. 1:18 ಸ್ಕೇಲ್‌ನಲ್ಲಿ, ಅಂದರೆ ನಿಜದ ಗಾಡಿಯ ಹದಿನೆಂಟನೇ ಒಂದು ಭಾಗದ ಅಳತೆಯಲ್ಲಿ, ಅದು ಸುಮಾರು 32 ಸೆಂಟಿಮೀಟರ್. 1:43ರಲ್ಲಿ 13 ಸೆಂಟಿಮೀಟರ್, 1:64ರಲ್ಲಿ 9. ಹತ್ತು ಗಾಡಿ 1:18ರಲ್ಲಿ ಕೊಂಡರೆ ಒಂದರ ಹಿಂದೆ ಒಂದು ನಿಲ್ಲಿಸಲು ಮೂರು ಮೀಟರ್‌ಗಿಂತ ಜಾಸ್ತಿ ಜಾಗ ಬೇಕು. ಮುಂಬೈ ಮನೆಯಲ್ಲಿ ಅಷ್ಟು ಗೋಡೆ ಎಲ್ಲಿಂದ ತರುತ್ತೀರಿ, ಹೇಳಿ?

ಹಾಗಾಗಿ ನನ್ನ ಮತ 1:43ಕ್ಕೆ. ಈ ವಿಚಿತ್ರ ಸಂಖ್ಯೆ ಬಂದದ್ದು ಆಟದ ರೈಲಿನಿಂದ. ಇಂಗ್ಲೆಂಡಿನಲ್ಲಿ ಓ ಗೇಜ್ ಅನ್ನುವ ಅಳತೆಯ ರೈಲು ಮಾಡೆಲ್‌ಗಳಿಗೆ ಒಂದು ಅಡಿಗೆ 7 ಮಿಲಿಮೀಟರ್ ಅಂತ ಲೆಕ್ಕ ಹಿಡಿದಿದ್ದರು. ಆ ರೈಲಿನ ಪಕ್ಕ ನಿಲ್ಲಿಸಲು ಮಾಡಿದ ಕಾರುಗಳಿಗೂ ಹೆಚ್ಚುಕಡಿಮೆ ಅದೇ ಅಳತೆ ಬಂತು. ಮುಂದೆ ರೈಲು ಬಿಟ್ಟು ಕಾರು ಮಾತ್ರ ಕೂಡಿಹಾಕುವವರಿಗೂ ಅದೇ ಗಟ್ಟಿಯಾಯಿತು. ಅಂಗೈಯಲ್ಲಿ ಹಿಡಿಯಬಹುದು, ಗ್ರಿಲ್‌ನ ಗೆರೆಗಳನ್ನು ಎಣಿಸಲೂಬಹುದು. ಅಮೆರಿಕನ್ ಗಾಡಿಗಳಿಗೆ ಈ ಅಳತೆಯಲ್ಲಿ ಬ್ರೂಕ್ಲಿನ್ ಅನ್ನುವ ಹೆಸರು ದೊಡ್ಡದು. 1974ರಲ್ಲಿ ಕೆನಡಾದ ಬ್ರೂಕ್ಲಿನ್ ಊರಲ್ಲಿ ಶುರುವಾಗಿ ಆಮೇಲೆ ಇಂಗ್ಲೆಂಡಿನ ಬಾತ್‌ಗೆ ಹೋಯಿತು. ವೈಟ್ ಮೆಟಲ್ ಅನ್ನುವ, ತವರ ಸೇರಿದ ಮಿಶ್ರಲೋಹದಲ್ಲಿ ಎರಕ ಹೊಯ್ದ ಭಾರದ ಮಾಡೆಲ್‌ಗಳು. ಬಾಗಿಲು ತೆರೆಯುವುದಿಲ್ಲ, ಆದರೆ ಗಾಡಿಯ ಮೈ ಸರಿಯಾಗಿರುತ್ತದೆ. ನನಗೆ ಬೇಕಾದ್ದು ಅದೇ. ಕಮ್ಮಿ ಬೆಲೆಯ 1:18ರಲ್ಲಿ ಬಾಗಿಲು, ಬಾನೆಟ್, ಡಿಕ್ಕಿ ಎಲ್ಲಾ ತೆರೆಯುತ್ತವೆ. ಆದರೆ ಅದಕ್ಕೆಂದು ಹಾಕಿದ ದಪ್ಪ ಕೀಲುಗಳು, ಅಗಲವಾದ ಸಂದುಗಳು ಕಣ್ಣಿಗೆ ಚುಚ್ಚುತ್ತವೆ.

ಹಾಟ್ ವೀಲ್ಸ್ ಬಗ್ಗೆಯೂ ಕೇಳಿದ್ದೀರಿ. ಸಂತೋಷವಾಗಿ ಕೊಳ್ಳಿ, ಕಡಿಮೆ ದುಡ್ಡಿನಲ್ಲಿ ಕಣ್ಣು ಪಳಗುತ್ತದೆ. ಒಂದು ಮಾತ್ರ ನೆನಪಿರಲಿ. ಅವು ಪ್ಯಾಕೆಟ್‌ಗೆ ಹೊಂದುವ ಹಾಗೆ ಮಾಡಿದ ಗಾಡಿಗಳು. ಪುಟ್ಟ ಸ್ಪೋರ್ಟ್ಸ್ ಕಾರೂ ಉದ್ದನೆಯ ಕ್ಯಾಡಿಲಾಕೂ ಹೆಚ್ಚುಕಡಿಮೆ ಒಂದೇ ಉದ್ದ ಇರುತ್ತವೆ. ಪಕ್ಕಪಕ್ಕ ಇಟ್ಟು ಹೋಲಿಸಿದರೆ ನಿಜದ ಅಂದಾಜು ಸಿಗುವುದಿಲ್ಲ.

ಈಗ ಮುಖ್ಯ ಮಾತು. ಮೊದಲ ಒಂದು ತಿಂಗಳು ಏನೂ ಕೊಳ್ಳಬೇಡಿ. ನಿಜದ ಗಾಡಿಗಳ ಬಗ್ಗೆ ಓದಿ, ಫೋಟೋ ನೋಡಿ, ಐದೇ ಐದು ಆರಿಸಿ. ಗಾಡಿ ಗೊತ್ತಿದ್ದರೆ ಮಾತ್ರ ಮಾಡೆಲ್ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತದೆ. ನನ್ನ ಮೊದಲ ಐದು ಹೇಳುತ್ತೇನೆ.

1928ರ ಕೊನೆಯಲ್ಲಿ ಬಂದ ಡ್ಯೂಸನ್‌ಬರ್ಗ್ ಮಾಡೆಲ್ ಜೆ. ಆಗ ಫೋರ್ಡ್ ಮಾಡೆಲ್ ಎ ಗಾಡಿಗೆ 40 ಅಶ್ವಶಕ್ತಿ ಇದ್ದರೆ ಇದಕ್ಕೆ 265. ಕಂಪನಿ ಕೊಡುತ್ತಿದ್ದದ್ದು ಎಂಜಿನ್ ಮತ್ತು ಚಾಸಿ, ಅಂದರೆ ಅಡಿಯ ಚೌಕಟ್ಟು, ಮಾತ್ರ. ಅದಕ್ಕೇ 8,500 ಡಾಲರ್. ಮೇಲಿನ ಮೈಯನ್ನು ಬೇರೆ ಬಾಡಿ ಕಟ್ಟುವವರ ಹತ್ತಿರ ಮಾಡಿಸಿಕೊಳ್ಳಬೇಕಿತ್ತು. ಒಟ್ಟು 480ರ ಆಸುಪಾಸು ಗಾಡಿ ಬಂದವು, ಒಂದರ ಹಾಗೆ ಇನ್ನೊಂದಿಲ್ಲ. ಆದ್ದರಿಂದ ಮಾಡೆಲ್ ಮೇಲೆ ಬರೀ ಡ್ಯೂಸನ್‌ಬರ್ಗ್ ಅಂತ ಬರೆದಿದ್ದರೆ ಸಾಲದು, ಯಾರು ಕಟ್ಟಿದ ಬಾಡಿ ಅಂತಲೂ ಹೇಳಬೇಕು. ಎರಡನೆಯದು 1930ರ ಕ್ಯಾಡಿಲಾಕ್ ವಿ-16. ಅಮೆರಿಕದ ಷೇರು ಪೇಟೆ ಕುಸಿದು ಮೂರು ತಿಂಗಳೂ ಆಗಿರಲಿಲ್ಲ, ಅಂಥ ಹೊತ್ತಲ್ಲಿ ಹದಿನಾರು ಸಿಲಿಂಡರಿನ ಗಾಡಿ ತಂದರು. ಹನ್ನೊಂದು ವರ್ಷದಲ್ಲಿ ಸುಮಾರು 4,000 ಮಾತ್ರ ತಯಾರಾದವು. ಮೂರನೆಯದು 1936ರ ಕಾರ್ಡ್ 810. ಗಾರ್ಡನ್ ಬ್ಯೂರಿಗ್ ವಿನ್ಯಾಸ. ದೀಪಗಳು ಮಡ್‌ಗಾರ್ಡಿನೊಳಗೆ ಅಡಗಿರುತ್ತವೆ, ಒಳಗೆ ಕೂತು ಕೈಯಿಂದ ಹಿಡಿ ತಿರುಗಿಸಿ ಹೊರಗೆ ತರಬೇಕು. ಒಳ್ಳೆಯ ಮಾಡೆಲ್‌ನಲ್ಲಿ ಆ ದೀಪದ ಮುಚ್ಚಳದ ಗೆರೆ ಕೂದಲೆಳೆಯಷ್ಟು ತೆಳ್ಳಗಿರುತ್ತದೆ, ಕೆಟ್ಟದ್ದರಲ್ಲಿ ಕಾಲುವೆ ತೋಡಿದ ಹಾಗಿರುತ್ತದೆ. ನಾಲ್ಕನೆಯದು 1959ರ ಕ್ಯಾಡಿಲಾಕ್, ಅದರ ಮಾತು ಕೆಳಗೆ ಬರುತ್ತದೆ. ಐದನೆಯದು 1961ರ ಲಿಂಕನ್ ಕಾಂಟಿನೆಂಟಲ್. ಎಲ್ಲರೂ ಗಾಡಿಯ ಹಿಂಭಾಗಕ್ಕೆ ವಿಮಾನದ ಬಾಲದಂಥ ರೆಕ್ಕೆ, ಮೈಗೆ ಕ್ರೋಮ್ ಮೆತ್ತುತ್ತಿದ್ದ ಕಾಲ ಮುಗಿಯುತ್ತಿತ್ತು. ವಿನ್ಯಾಸಕ ಎಲ್‌ವುಡ್ ಎಂಗಲ್ ಎಲ್ಲವನ್ನೂ ಒರೆಸಿ ಹಾಕಿ ನೇರ ಗೆರೆಯ ಗಾಡಿ ಬರೆದರು. ಹಿಂದಿನ ಬಾಗಿಲು ಹಿಂದಕ್ಕೆ ತೆರೆಯುತ್ತದೆ, ಮನೆಯ ಎರಡು ಬಾಗಿಲಿನ ಅಲ್ಮೇರಾ ಹಾಗೆ. ಈ ಒಂದನ್ನು ಮಾತ್ರ ನಾನು 1:18ರಲ್ಲಿ ಇಟ್ಟುಕೊಂಡಿದ್ದೇನೆ, ಆ ಬಾಗಿಲಿಗೋಸ್ಕರವೇ.

ಪ್ರಶ್ನೆ: ನಮ್ಮ ತಂದೆ ಕುಂದಾಪುರದಿಂದ ಬಂದು ಮಲಬಾರ್ ಹಿಲ್‌ನ ಒಬ್ಬ ಸೇಠ್ ಹತ್ತಿರ ಡ್ರೈವರ್ ಆಗಿದ್ದರು. ಗಾಡಿಯ ಪಕ್ಕ ನಿಂತ ಅವರ ಕಪ್ಪು ಬಿಳುಪು ಫೋಟೋ ಇದೆ. ಹಿಂದೆ 1951 ಅಂತ ಬರೆದಿದೆ. ಯಾವ ಗಾಡಿ ಅಂತ ಗೊತ್ತಿಲ್ಲ. ಚಕ್ರದ ನಡುವೆ ಆರು ಮೂಲೆಯ ಗುರುತು ಕಾಣುತ್ತದೆ. ಅದೇ ಗಾಡಿಯ ಮಾಡೆಲ್ ಒಂದನ್ನು ಫೋಟೋದ ಕೆಳಗೆ ಇಡಬೇಕು ಅಂತ ಆಸೆ. ಫೋಟೋದ ಪ್ರತಿ ಕಳಿಸಿದ್ದೇನೆ.
– ಮಾಟುಂಗಾದ ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ನಿಮ್ಮ ಫೋಟೋ ಎರಡು ದಿನ ನನ್ನ ಮೇಜಿನ ಮೇಲಿತ್ತು. ಅದು ಪ್ಯಾಕಾರ್ಡ್, ಸಂಶಯವೇ ಇಲ್ಲ. ಚಕ್ರದ ನಡುವಿನ ಆ ಆರು ಮೂಲೆಯ ಗುರುತು ಪ್ಯಾಕಾರ್ಡಿನ ಸಹಿ ಇದ್ದ ಹಾಗೆ. ನಿಜದಲ್ಲಿ ಅದು ಕೆಂಪು ಬಣ್ಣದ್ದು, ಫೋಟೋದಲ್ಲಿ ಕಪ್ಪಾಗಿ ಕಾಣುತ್ತದೆ. ಇನ್ನೊಂದು ಗುರುತು ರೇಡಿಯೇಟರಿನ ಮೇಲ್ಭಾಗ. ಎತ್ತಿನ ನೊಗದ ಹಾಗೆ ನಡುವೆ ಎದ್ದು ಎರಡೂ ಕಡೆ ಹೆಗಲಿನಂತೆ ಇಳಿಯುತ್ತದೆ. ಆ ರೂಪವನ್ನು ಪ್ಯಾಕಾರ್ಡ್‌ನವರು ಎಷ್ಟೋ ವರ್ಷ ಬಿಡಲಿಲ್ಲ.

ಇಸವಿ ಹಿಡಿಯಲು ದೀಪ ನೋಡಿ. ನಿಮ್ಮ ತಂದೆಯವರ ಗಾಡಿಯಲ್ಲಿ ದೀಪಗಳು ಮಡ್‌ಗಾರ್ಡಿಗಿಂತ ಬೇರೆಯಾಗಿ ಕೂತಿವೆ. 1941ರಿಂದ ಅವು ಮಡ್‌ಗಾರ್ಡಿನೊಳಗೆ ಸೇರಿಬಿಟ್ಟವು. ಅಂದರೆ ಫೋಟೋ 1951ರದ್ದಾದರೂ ಗಾಡಿ ಹತ್ತು ವರ್ಷಕ್ಕಿಂತ ಹಳೆಯದು. ಅದನ್ನು ಅಷ್ಟು ಹೊಳೆಯುವ ಹಾಗೆ ಇಟ್ಟುಕೊಂಡವರು ಯಾರು ಅಂತ ನಾನು ಹೇಳಬೇಕಿಲ್ಲ. ಪ್ಯಾಕಾರ್ಡ್ ಕಂಪನಿಯ ಜಾಹೀರಾತಿನಲ್ಲಿ ಒಂದು ಹೆಸರಾಂತ ಮಾತಿತ್ತು, ಗಾಡಿ ಇಟ್ಟುಕೊಂಡವರನ್ನೇ ಕೇಳಿ ನೋಡಿ ಅಂತ. ನಿಮ್ಮ ತಂದೆ ಅದನ್ನು ಕೊಂಡವರಲ್ಲ. ಆದರೆ ಕೊಂಡವರಿಗಿಂತ ಚೆನ್ನಾಗಿ ಆ ಗಾಡಿಯನ್ನು ಬಲ್ಲವರು ಅವರೇ.

ಮುಂಬೈಗೆ ಅಮೆರಿಕನ್ ಗಾಡಿ ಹೊಸದಲ್ಲ. ಜನರಲ್ ಮೋಟರ್ಸ್ 1928ರಲ್ಲೇ ಶಿವಡಿಯಲ್ಲಿ ಗಾಡಿ ಜೋಡಿಸಲು ಶುರು ಮಾಡಿತ್ತು. ಸ್ವಾತಂತ್ರ್ಯ ಬಂದ ವರ್ಷ ಕುರ್ಲಾದಲ್ಲಿ ಪ್ರೀಮಿಯರ್‌ನವರು ಡಾಡ್ಜ್, ಪ್ಲಿಮತ್ ಜೋಡಿಸತೊಡಗಿದರು. ಫಿಯೆಟ್ ಬರುವ ಮುಂಚೆ ಇಲ್ಲಿನ ಟ್ಯಾಕ್ಸಿಗಳಲ್ಲಿ ಅಂಥ ದೊಡ್ಡ ಗಾಡಿಗಳು ಎಷ್ಟೋ ಇದ್ದವು. ನಮ್ಮ ಕರಾವಳಿಯ ಹುಡುಗರು ಒಬ್ಬಿಬ್ಬರಾದರೂ ಅವುಗಳ ಸ್ಟೇರಿಂಗ್ ಹಿಡಿದಿರಲೇಬೇಕು.

ಮಾಡೆಲ್ ವಿಷಯ. ಫೋಟೋದ ಗಾಡಿಯೇ ಎಲ್ಲ ವಿವರದೊಂದಿಗೆ ಸಿಗುವುದು ಕಷ್ಟ, ಹತ್ತಿರದ್ದು ಸಿಗುತ್ತದೆ. ಬ್ರೂಕ್ಲಿನ್ ಹಳೆಯ ಪ್ಯಾಕಾರ್ಡ್‌ಗಳನ್ನು ಮಾಡಿದೆ. ಫ್ರಾನ್ಸಿನ ಸೊಲಿಡೊ ಕೂಡ ಮಾಡಿದೆ. ಕಡಿಮೆ ಬೆಲೆಗೆ ಬೇಕಾದರೆ ಮ್ಯಾಚ್‌ಬಾಕ್ಸ್ ಅನ್ನುವ ಆಟಿಕೆ ಕಾರುಗಳ ಯೆಸ್ಟರ್‌ಇಯರ್ ಸರಣಿಯ 1930ರ ಪ್ಯಾಕಾರ್ಡ್ ವಿಕ್ಟೋರಿಯಾ ಹಳೆ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತದೆ. ಅದು ನಿಮ್ಮ ಫೋಟೋಕ್ಕಿಂತ ಹಳೆಯ ಮಾದರಿ, ಆದರೆ ನೊಗದ ಆಕಾರ ಅದೇ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫೋಟೋದಲ್ಲಿ ಸ್ಟೇರಿಂಗ್ ಬಲಗಡೆ ಇದೆ, ನಮ್ಮ ರಸ್ತೆಗೆ ಬೇಕಾದ ಹಾಗೆ. ಮಾಡೆಲ್‌ಗಳಲ್ಲಿ ಹೆಚ್ಚಾಗಿ ಎಡಗಡೆ ಇರುತ್ತದೆ. ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಬಣ್ಣದ ಬಗ್ಗೆ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ನಿಮ್ಮ ಅಕ್ಕನಿಗೆ ಎಂಬತ್ತೇಳು ಅಂತ ಬರೆದಿದ್ದೀರಿ. ಅವರು ಚಿಕ್ಕವರಿದ್ದಾಗ ಆ ಗಾಡಿ ನೋಡಿರಬಹುದು ಅಲ್ವಾ?

ಪ್ರಶ್ನೆ: ನನ್ನ ಹತ್ತಿರ ಇರುವ ಒಂದು ಮಾಡೆಲ್‌ನ ಬಾನೆಟ್ ಮೇಲೆ ಸಣ್ಣ ಬಿರುಕು ಬಂದಿದೆ. ನಾನು ಬೀಳಿಸಿಲ್ಲ. ಆರು ತಿಂಗಳಲ್ಲಿ ಬಿರುಕು ದೊಡ್ಡದಾಗಿದೆ, ಬುಡವೂ ಬಾಗಿದೆ. ಅಂಟು ಹಾಕಲೇ?
– ಪುಣೆ, ಕೋಥರೂಡ್

ಉತ್ತರ: ಅಂಟು ಹಾಕಬೇಡಿ, ಪ್ರಯೋಜನ ಇಲ್ಲ. ಇದಕ್ಕೆ ಜಿಂಕ್ ಪೆಸ್ಟ್ ಅನ್ನುತ್ತಾರೆ. ಡೈಕಾಸ್ಟ್ ಮಾಡೆಲ್, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಮಾಡೆಲ್‌ನ ಲೋಹ, ಸತುವಿಗೆ ಅಲ್ಯೂಮಿನಿಯಂ, ತಾಮ್ರ, ಮೆಗ್ನೀಸಿಯಂ ಸೇರಿಸಿದ ಮಿಶ್ರಲೋಹ. ಅದರಲ್ಲಿ ಸೀಸದಂಥ ಕಲಬೆರಕೆ ಸ್ವಲ್ಪ ಜಾಸ್ತಿಯಾದರೂ ಲೋಹ ಒಳಗಿನಿಂದಲೇ ಕೊಳೆಯುತ್ತದೆ, ಉಬ್ಬುತ್ತದೆ, ಬಿರುಕು ಬಿಡುತ್ತದೆ. ತೇವ ಇದ್ದರೆ ಬೇಗ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಡಿಂಕಿ ಅನ್ನುವ ಆಟಿಕೆ ಗಾಡಿಗಳು ಎಷ್ಟೋ ಹೀಗೆ ಪುಡಿಯಾಗಿವೆ, ಇತ್ತೀಚಿನವೂ ಹೊರತಲ್ಲ. ತಪ್ಪು ಎರಕ ಹೊಯ್ದ ದಿನದ್ದು, ನಿಮ್ಮದಲ್ಲ. ಪಕ್ಕದ ಗಾಡಿಗೆ ಅಂಟುವ ರೋಗವೂ ಅಲ್ಲ. ಚಕ್ರ, ಬಂಪರ್, ಗಾಜು ಬಿಚ್ಚಿಟ್ಟುಕೊಳ್ಳಿ, ಬೇರೆ ಗಾಡಿಗೆ ಬೇಕಾಗುತ್ತವೆ. ವೈಟ್ ಮೆಟಲ್, ರೆಸಿನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಮಾಡೆಲ್‌ಗಳಲ್ಲಿ ಸತು ಇಲ್ಲದ್ದರಿಂದ ಈ ಕಾಟ ಇಲ್ಲ. ಆದರೆ ರೆಸಿನ್ ಗಾಡಿ ಕಿಟಕಿಯಿಂದ ಬರುವ ಬಿಸಿಲಿಗೆ ಸೊಟ್ಟಗಾಗುತ್ತದೆ, ಕೈ ಜಾರಿದರೆ ಮುರಿಯುತ್ತದೆ.

ಪ್ರಶ್ನೆ: 1959ರ ಕ್ಯಾಡಿಲಾಕ್ ಎಲ್ಡೊರಾಡೊ ಅಂತ ಹೇಳಿ ಒಬ್ಬರು ಮಾಡೆಲ್ ಮಾರಿದರು. ಗೆಳೆಯರೊಬ್ಬರು ಇದು ಎಲ್ಡೊರಾಡೊ ಅಲ್ಲ ಅಂತಾರೆ. ರೆಕ್ಕೆ ಇದೆ, ಎರಡೆರಡು ಗುಂಡಿನ ಆಕಾರದ ಕೆಂಪು ದೀಪ ಇದೆ. ಇನ್ನೇನು ಬೇಕು?
– ಮಡಗಾಂವ್, ಗೋವಾ

ಉತ್ತರ: ಗೆಳೆಯರ ಮಾತು ಸರಿ ಇರಬಹುದು. ಎಲ್ಡೊರಾಡೊ ಕ್ಯಾಡಿಲಾಕ್‌ಗಳಲ್ಲೇ ಹೆಚ್ಚು ದುಬಾರಿಯ ಮಾದರಿ. ಆ ರೆಕ್ಕೆ, ಆ ದೀಪ ಆ ವರ್ಷದ ಎಲ್ಲ ಸಾಮಾನ್ಯ ಕ್ಯಾಡಿಲಾಕ್‌ಗಳಿಗೂ ಇದ್ದವು. ಪಕ್ಕದ ಕ್ರೋಮ್ ಪಟ್ಟಿ ನೋಡಿ. ಎಲ್ಡೊರಾಡೊದಲ್ಲಿ ಅಗಲವಾದ ಪಟ್ಟಿ ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗಿ, ಹಿಂದಿನ ಮಡ್‌ಗಾರ್ಡಿನ ಹತ್ತಿರ ಮೇಲಕ್ಕೆ ತಿರುಗಿ, ಕಿಟಕಿಯ ಕೆಳಗಿನ ಗೆರೆಯಲ್ಲಿ ಮುಂದಕ್ಕೆ ಬರುತ್ತದೆ. ನಿಮ್ಮದರಲ್ಲಿ ಪಕ್ಕಕ್ಕೆ ಒಂದೇ ತೆಳು ಪಟ್ಟಿ ನೇರವಾಗಿ ಇದ್ದರೆ ಅದು ಎಲ್ಡೊರಾಡೊ ಅಲ್ಲ, ಸಿರೀಸ್ 62ರಂಥ ಸಾಮಾನ್ಯ ಕ್ಯಾಡಿಲಾಕ್. ಅದೂ ಚೆಂದದ ಗಾಡಿಯೇ, ಎಲ್ಡೊರಾಡೊ ಬೆಲೆ ಕೊಟ್ಟಿದ್ದರೆ ಮಾತ್ರ ಹೊಟ್ಟೆ ಉರಿಯುತ್ತದೆ.

ಈ ರೆಕ್ಕೆಯ ಕಥೆ ಶುರುವಾದದ್ದು 1948ರ ಕ್ಯಾಡಿಲಾಕ್‌ನಿಂದ. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಮತ್ತು ಅವರ ತಂಡದವರು ಲಾಕ್‌ಹೀಡ್ ಪಿ-38 ಯುದ್ಧವಿಮಾನದ ಎರಡು ಬಾಲ ನೋಡಿದ್ದರು. ಅದು ಕಾರಿನ ಹಿಂಭಾಗಕ್ಕೆ ಬಂತು. ಮೊದಲು ಸಣ್ಣ ಉಬ್ಬು, ಆಮೇಲೆ ವರ್ಷ ವರ್ಷ ಎತ್ತರವಾಗುತ್ತಾ 1959ರಲ್ಲಿ ತುತ್ತತುದಿ ಮುಟ್ಟಿತು. ಮರುವರ್ಷವೇ ತಗ್ಗಿತು. 1948, 1959, 1961 ಈ ಮೂರು ಇಸವಿಯ ಕ್ಯಾಡಿಲಾಕ್ ಪಕ್ಕಪಕ್ಕ ಇಟ್ಟರೆ ಇಡೀ ಕಥೆ ಒಂದು ಅಡಿ ಜಾಗದಲ್ಲಿ ಕಾಣುತ್ತದೆ. ನನ್ನ ಕಪಾಟಿನಲ್ಲಿ ನನಗೆ ತುಂಬಾ ಇಷ್ಟದ ಸಾಲು ಅದು.

ಪ್ರಶ್ನೆ: ಮಳೆಗಾಲದಲ್ಲಿ ಮಾಡೆಲ್‌ಗಳ ಮೇಲೆ ಬೂಷ್ಟು ಬರುತ್ತದೆ. ಕೆಲವು ಗಾಡಿಯ ಟೈರ್ ಕೆಳಗಿನ ಪ್ಲಾಸ್ಟಿಕ್‌ಗೆ ಅಂಟಿಕೊಂಡಿದೆ. ಮೂವತ್ತಕ್ಕೂ ಜಾಸ್ತಿ ಗಾಡಿ ಇವೆ, ಹದಿನೈದು ವರ್ಷದಿಂದ ಒಂದೊಂದಾಗಿ ಕೂಡಿಸಿದ್ದು. ಹೇಗೆ ಕಾಪಾಡಲಿ?
– ನವಿ ಮುಂಬೈ, ನೆರೂಳ್‌ನ ಗೃಹಿಣಿ

ಉತ್ತರ: ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು. ನಾನೇ ಒಂದು ವರ್ಷ ಮನೆಗೆ ಬಣ್ಣ ಹೊಡೆಸುವಾಗ ಎಂಟು ಮಾಡೆಲ್‌ಗಳನ್ನು ಅವುಗಳ ಡಬ್ಬಿಯ ಫೋಮ್‌ನಲ್ಲೇ ಸುತ್ತಿ ಮಾಳಿಗೆಯ ಮೇಲೆ ಇಟ್ಟಿದ್ದೆ. ಜೂನ್‌ನಲ್ಲಿ ಇಟ್ಟದ್ದನ್ನು ದಸರೆಗೆ ತೆಗೆದೆ. ಫೋಮ್ ಜಿಗುಟಾಗಿ ಬಣ್ಣಕ್ಕೆ ಅಂಟಿತ್ತು. ಒಂದು ಲಿಂಕನ್‌ನ ಮೇಲೆಲ್ಲಾ ಬೆವರುಸಾಲೆಯ ಹಾಗೆ ಗುಳ್ಳೆ ಎದ್ದಿದ್ದವು. ಅದು ಸರಿಹೋಗಲಿಲ್ಲ. ಆ ಸಂಜೆ ಊಟವೂ ಸೇರಲಿಲ್ಲ. ಅಂದಿನಿಂದ ಡಬ್ಬಿ ಬೇರೆ, ಗಾಡಿ ಬೇರೆ. ಗಾಡಿ ಗಾಳಿಯಾಡುವ ಗಾಜಿನ ಕಪಾಟಿನಲ್ಲಿ. ಡಬ್ಬಿಗಳು ಮಾತ್ರ ಮೇಲೆ, ಫೋಮ್ ತೆಗೆದು.

ಕಪಾಟಿನ ಪ್ರತಿ ಅಂತಸ್ತಿನಲ್ಲೂ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾದ ಕೂಡಲೇ ಹೊಸದು ಹಾಕಿ. ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಬಟ್ಟೆಗೆ ಸರಿ, ಆದರೆ ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಟೈರ್ ಅಂಟುವುದಕ್ಕೂ ಕಾರಣ ಅಂಥದ್ದೇ. ಮೆತ್ತನೆಯ ಟೈರಿಗೆ ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಗೆ ಬಂದು ಕೆಳಗಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಗಾಡಿಯ ಹೊಟ್ಟೆಯ ಕೆಳಗೆ ಚಿಕ್ಕ ಅಕ್ರಿಲಿಕ್ ತುಂಡು ಇಟ್ಟು ಚಕ್ರ ನೆಲಕ್ಕೆ ತಾಗದ ಹಾಗೆ ಎತ್ತಿ ನಿಲ್ಲಿಸಿ. ಕೂದಲೆಳೆಯಷ್ಟು ಎತ್ತಿದರೆ ಸಾಕು, ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ಮನೆಗಳಲ್ಲಿ ಮಳೆಗಿಂತ ಕೆಟ್ಟದ್ದು ಒಗ್ಗರಣೆ ಹೊಗೆ. ಅಡಿಗೆಮನೆ ಹತ್ತಿರದ ಕಪಾಟಿನಲ್ಲಿ ಧೂಳಿಗೆ ಎಣ್ಣೆ ಸೇರಿ ಅಂಟಾಗುತ್ತದೆ. ದೇವರ ಗೂಡಿನ ಪಕ್ಕ ಇಟ್ಟರೆ ಊದುಬತ್ತಿಯ ಮಸಿ. ಎರಡರಿಂದಲೂ ದೂರ ಇಡಿ. ಬರೀ ಧೂಳಿಗೆ ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆಯ ಬ್ರಶ್ ಸಾಕು. ಎಣ್ಣೆ ಜಿಡ್ಡಿಗೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಹತ್ತಿ ಕಡ್ಡಿ ಅದ್ದಿ ಹಿಂಡಿ ಒರೆಸಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ ಹಚ್ಚುವವರನ್ನೂ ಕಂಡಿದ್ದೇನೆ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಹದಿನೈದು ವರ್ಷದಲ್ಲಿ ಮೂವತ್ತು ಗಾಡಿ ಅಂದರೆ ವರ್ಷಕ್ಕೆ ಎರಡು. ನೋಡಿ ನೋಡಿ ಆರಿಸಿದ್ದೀರಿ ಅಂತ ಆ ಲೆಕ್ಕವೇ ಹೇಳುತ್ತದೆ. ಫೋಟೋ ಕಳಿಸಿ, ನೋಡಬೇಕು ಅನಿಸುತ್ತಿದೆ.

ಪ್ರಶ್ನೆ: ಮುಂಬೈನ ಹಳೆ ಸಾಮಾನಿನ ಚೋರ್ ಬಜಾರ್‌ನಲ್ಲಿ ಕೊಳ್ಳುವುದು ಒಳ್ಳೆಯದೋ, ಹೊರದೇಶದಿಂದ ತರಿಸುವುದೋ?
– ಹಲವರು

ಉತ್ತರ: ಹೊರಗಿನಿಂದ ತರಿಸುವ ಮುಂಚೆ ಸುಂಕದ ಲೆಕ್ಕ ಹಾಕಿ. ಸ್ಕೇಲ್ ಮಾಡೆಲ್‌ಗಳು ಆಟಿಕೆಗಳ ಪಟ್ಟಿಯಲ್ಲೇ ಬರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಮೇಲೆ ಅಂಚೆ ಖರ್ಚು. ದುಬೈ, ಮಸ್ಕತ್‌ನಲ್ಲಿ ಭಾವನೋ ಅಣ್ಣನೋ ಇದ್ದು ರಜೆಗೆ ಬರುವಾಗ ಒಂದೆರಡು ತಂದುಕೊಟ್ಟರೆ ನಿಮ್ಮ ಭಾಗ್ಯ.

ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ಗೆ ಶುಕ್ರವಾರ ಬಿಟ್ಟು ಹೋಗಿ, ಅಂದು ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ. ಪುಣೆಯವರಿಗೆ ಜುನಾ ಬಜಾರ್, ಬುಧವಾರ ಮತ್ತು ಭಾನುವಾರ. ಗಾಡಿ ಕೈಗೆ ಬಂದ ಕೂಡಲೇ ತಿರುಗಿಸಿ ಬುಡ ಓದಿ. ತಯಾರಿಸಿದವರ ಹೆಸರು, ದೇಶ, ಎಷ್ಟೋ ಸಲ ಸ್ಕೇಲೂ ಅಲ್ಲೇ ಇರುತ್ತವೆ. ಹಳೆಯ ಯೆಸ್ಟರ್‌ಇಯರ್ ಗಾಡಿಯಾದರೆ ಲೆಸ್ನಿ (ಮ್ಯಾಚ್‌ಬಾಕ್ಸ್ ತಯಾರಿಸುತ್ತಿದ್ದ ಕಂಪನಿ) ಅಂತಲೂ ಇಂಗ್ಲೆಂಡ್ ಅಂತಲೂ ಇರಬೇಕು. ಬಾಗಿಲಿನ ಗೆರೆಗಳಲ್ಲಿ ಬಣ್ಣ ತುಂಬಿಕೊಂಡಿದ್ದರೆ ಆಮೇಲೆ ಹೊಡೆದ ಬಣ್ಣ. ಬುಡದ ರಿವೆಟ್ ಕೊರೆದ ಗುರುತಿದ್ದರೆ ಬಿಚ್ಚಿ ಜೋಡಿಸಿದ್ದು. ಬಾನೆಟ್ ತುದಿಯ ಪುಟ್ಟ ಬೊಂಬೆ, ಕನ್ನಡಿಗಳು ಮೊದಲು ಕಳೆದುಹೋಗುವ ಭಾಗಗಳು, ಅವು ಇವೆಯೇ ನೋಡಿ. ಆಸೆ ಮುಖದಲ್ಲಿ ತೋರಿಸಬೇಡಿ, ಬೆಲೆ ಅಲ್ಲೇ ಏರುತ್ತದೆ.

ಪ್ರಶ್ನೆ: ಅಂಕಲ್, ನಾನು ಏಳನೇ ಕ್ಲಾಸ್. ನಮ್ಮ ರಾಜರ ಹತ್ತಿರ ಅಮೆರಿಕನ್ ಕಾರು ಇತ್ತಾ? ನಿಜವಾದ ಹಳೆ ಕಾರು ಎಲ್ಲಿ ನೋಡಬಹುದು?
– ಠಾಣೆಯ ಪುಟ್ಟ ಓದುಗ

ಉತ್ತರ: ಇತ್ತು ಪುಟ್ಟಾ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಹತ್ತಿರ ಒಂದು ಡ್ಯೂಸನ್‌ಬರ್ಗ್ ಇತ್ತು. ಎಂಜಿನ್ ಅಮೆರಿಕದ್ದು, ಮೈ ಕಟ್ಟಿದ್ದು ಲಂಡನ್ನಿನ ಗರ್ನಿ ನಟಿಂಗ್ ಅನ್ನುವವರು. ಬಣ್ಣ ಕಿತ್ತಳೆ ಮತ್ತು ಕಪ್ಪು. ಉದ್ದನೆಯ ಮೂತಿ, ಕೂರಲು ಇಬ್ಬರಿಗೆ ಮಾತ್ರ ಜಾಗ. ಈಗ ಅದು ನಮ್ಮ ದೇಶದಲ್ಲಿಲ್ಲ.

ನಿಜದ ಗಾಡಿ ನೋಡಲು ನೀನು ರಜೆಯಲ್ಲಿ ಊರಿಗೆ ಹೋದಾಗ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗು ಅಂತ ಅಜ್ಜನನ್ನು ಕೇಳು. ಅಲ್ಲಿಯ ಮಂಜೂಷಾ ವಸ್ತುಸಂಗ್ರಹಾಲಯದವರು ಹಳೆಯ ಕಾರುಗಳನ್ನು ಕೂಡಿಸಿಟ್ಟಿದ್ದಾರೆ. 2023ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಪಯಣ ಅನ್ನುವ ಕಾರು ಮ್ಯೂಸಿಯಮ್ಮನ್ನೂ ಧರ್ಮಸ್ಥಳದವರೇ ತೆರೆದರು. ಹೋದಾಗ ಒಂದು ನೋಟ್‌ಬುಕ್ ಇಟ್ಟುಕೋ. ಮುಟ್ಟಬೇಡ, ಪಕ್ಕದಲ್ಲಿ ನಿಂತು ಚಕ್ರ ನಿನ್ನ ಸೊಂಟಕ್ಕೆ ಬರುತ್ತದೋ ಎದೆಗೆ ಬರುತ್ತದೋ ನೋಡಿ ಬರೆದುಕೋ. ಗಾಡಿಗಳ ಹೆಸರನ್ನೂ ಬರೆದು ನನಗೆ ಕಳಿಸು. ಯಾವುದರ ಮಾಡೆಲ್ ಸಿಗುತ್ತದೆ, ಯಾವ ಸ್ಕೇಲ್‌ನಲ್ಲಿ ಅಂತ ಹುಡುಕಿ ಹೇಳುತ್ತೇನೆ.